ಗಾಂಧಿ ಗಂಜ್‌ನಿಂದ ಜಿನೀವಾಕ್ಕೆ: ಆಮದು ಸುಂಕದ ತಕರಾರುಗಳ ಹಾದಿ

ಗಣೇಶನ ಹಬ್ಬದ ಆಸುಪಾಸಿನಲ್ಲಿ ಬೀದರಿನ ಗಾಂಧಿ ಗಂಜ್‌ಗೆ ಹೊಸ ಉದ್ದು ಬರತೊಡಗುತ್ತದೆ. ಔರಾದ್ ಕಡೆಯಿಂದ ಟಂಟಂ, ಭಾಲ್ಕಿ ಕಡೆಯಿಂದ ಟ್ರ್ಯಾಕ್ಟರ್. ಅಡತಿ ಅಂಗಡಿಯ ಮುಂದೆ ಹಮಾಲರು ಚೀಲದ ಬಾಯಿ ಬಿಚ್ಚಿ ರಾಶಿ ಸುರಿಯುತ್ತಾರೆ. ಖರೀದಿದಾರ ಒಂದು ಹಿಡಿ ಎತ್ತಿ ಅಂಗೈ ಮೇಲೆ ಹರವುತ್ತಾನೆ, ಹೊಟ್ಟು ಊದುತ್ತಾನೆ, ಒಂದು ಕಾಳನ್ನು ಹಲ್ಲಿಗಿಟ್ಟು ಕಡಿದು ಹಸಿ ಎಷ್ಟಿದೆ ಎಂದು ನೋಡುತ್ತಾನೆ. ಆಮೇಲೆ ಇನ್ನೊಂದು ಕೈಯಲ್ಲಿರುವ ಮೊಬೈಲ್ ನೋಡುತ್ತಾನೆ. ಅದರಲ್ಲಿ ಚೆನ್ನೈಗೆ ಬಂದಿಳಿದ ‘ಬರ್ಮಾ ಉದ್ದಿ’ನ ಇವತ್ತಿನ ದರ ಇರುತ್ತದೆ. ಹಲ್ಲು ಹೇಳಿದ್ದಕ್ಕೆ ಕ್ವಿಂಟಲ್‌ಗೆ ನೂರಿನ್ನೂರು ಹೆಚ್ಚುಕಡಿಮೆ ಆದೀತು. ಮೊಬೈಲ್ ಹೇಳಿದ್ದಕ್ಕೆ ಸಾವಿರದ ಲೆಕ್ಕ.

ಆ ಮೊಬೈಲಿನ ದರದ ಹಿಂದೆ ಒಂದು ಸುಂಕ, ಸುಂಕದ ಹಿಂದೆ ಒಂದು ಅಧಿಸೂಚನೆ, ಅಧಿಸೂಚನೆಯ ಹಿಂದೆ ಒಂದಲ್ಲ ಒಂದು ಮೊಕದ್ದಮೆ ಇದ್ದೇ ಇರುತ್ತದೆ. ಈ ಮೊಕದ್ದಮೆಗಳ ಚರಿತ್ರೆಯನ್ನು ದೆಹಲಿಯಿಂದಲೋ ಮುಂಬೈಯಿಂದಲೋ ಬರೆಯುವುದು ವಾಡಿಕೆ. ಸಮುದ್ರದಿಂದ ಇಷ್ಟು ದೂರದ ಬೀದರಿನಲ್ಲಿ ಕೂತು ನೋಡಿದರೆ ಅದೇ ಚರಿತ್ರೆ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಸುಂಕ ಎಷ್ಟು ಎಂಬ ಜಗಳಕ್ಕಿಂತ ಯಾವ ತಾರೀಖಿನಿಂದ, ಯಾರ ಮಾತಿನ ಮೇಲೆ ಎಂಬ ಜಗಳವೇ ದೊಡ್ಡದಾಗಿ ಕಾಣುತ್ತದೆ.

ಸುಂಕ ಈ ನೆಲಕ್ಕೆ ಹೊಸ ಮಾತಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳನ್ನು ತೆರೆದರೆ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಬಗೆಬಗೆಯ ಸುಂಕಗಳು ಸಿಗುತ್ತವೆ. ಅವನ್ನು ವಸೂಲು ಮಾಡುವ ಸುಂಕವೆರ್ಗಡೆಗಳೂ ಇದ್ದಾರೆ, ಆದಾಯವನ್ನು ದೇವಾಲಯಕ್ಕೆ ಬಿಟ್ಟುಕೊಟ್ಟ ದಾನಗಳೂ ಇವೆ. ಆ ಕಲ್ಯಾಣ ಈಗಿನ ನಮ್ಮ ಜಿಲ್ಲೆಯ ಬಸವಕಲ್ಯಾಣ. 12ನೇ ಶತಮಾನದ ಶರಣರಲ್ಲಿ ಸುಂಕದ ಕಾಯಕದವನೇ ಒಬ್ಬನಿದ್ದ: ಸುಂಕದ ಬಂಕಣ್ಣ. ಬಂಕೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ ಬರೆದವನು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು ಎಂಬ ಗಾದೆ ಹುಟ್ಟಿದ ಭಾಷೆಯಲ್ಲಿ ಸುಂಕದವನೇ ಶರಣನಾಗಿ ಮಾತಾಡಿದ್ದು ಸಣ್ಣ ಸಂಗತಿಯಲ್ಲ.

ಆಧುನಿಕ ಅರ್ಥದ ಕಾನೂನು ಇಲ್ಲಿಗೆ ಕಾಲಿಟ್ಟದ್ದು ನಿಜಾಮರ ಕಾಲದಲ್ಲಿ. 1802ರಲ್ಲಿ ಹೈದರಾಬಾದಿನ ನಿಜಾಮರಿಗೂ ಈಸ್ಟ್ ಇಂಡಿಯಾ ಕಂಪನಿಗೂ ಒಂದು ವಾಣಿಜ್ಯ ಒಪ್ಪಂದವಾಯಿತು. ಎರಡೂ ಕಡೆಯ ಸರಕಿಗೆ ನೂರಕ್ಕೆ 5ರ ಸುಂಕ ಎಂಬುದು ಅದರ ತಿರುಳು. ಬಂದರಿಲ್ಲದ ಸಂಸ್ಥಾನಕ್ಕೆ ಮಚಲೀಪಟ್ಟಣದ ಬಂದರನ್ನು ಬಳಸಿಕೊಳ್ಳುವ ಅನುಕೂಲವೂ ಅದರಲ್ಲಿತ್ತು. ಸಂಸ್ಥಾನದ ಸುಂಕ ಇಲಾಖೆಗೆ ಕರೋಡಗಿರಿ ಎಂದು ಹೆಸರು. ಬ್ರಿಟಿಷ್ ಸೀಮೆಯಿಂದ ಬೀದರಿಗೆ ಬರುವ ಬಟ್ಟೆಯ ಗಾಂಟಿಗೆ ಅದು ‘ಆಮದು’ ಸುಂಕ ಹಾಕುತ್ತಿತ್ತು. ಇವತ್ತು ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಎಂದು ಮೂರು ಹೋಳಾಗಿರುವ ಈ ಸೀಮೆ ಆಗ ಒಂದೇ. ಬೀದರಿನಿಂದ ಉದಗೀರಿಗೆ ಕಾಳು ಒಯ್ದರೆ ಸುಂಕವಿಲ್ಲ, ಸೊಲ್ಲಾಪುರದಿಂದ ಸೀರೆ ತಂದರೆ ಇದೆ.

1948ರ ಎರಡು ತಿಂಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಹಿಂದಿನ ವರ್ಷ 23 ದೇಶಗಳು ಸೇರಿ ಸುಂಕ ಮತ್ತು ವ್ಯಾಪಾರದ ಗ್ಯಾಟ್ ಒಪ್ಪಂದ ಮಾಡಿಕೊಂಡಿದ್ದವು, ಭಾರತವೂ ಅದರಲ್ಲೊಂದು. 1948ರ ಆಗಸ್ಟ್ 24ರಂದು ಅಲ್ಲಿ ಒಂದು ತೀರ್ಮಾನ ಬಂತು. ಪಾಕಿಸ್ತಾನ ಭಾರತದ ಮೇಲೆ ಹಾಕಿದ್ದ ತಕರಾರು ಅದು: ಬೇರೆ ದೇಶಗಳಿಗೆ ಕಳಿಸುವ ಸರಕಿಗೆ ಅಬಕಾರಿ ತೆರಿಗೆ ವಾಪಸು ಕೊಡುತ್ತೀರಿ, ನಮಗೆ ಕಳಿಸುವುದಕ್ಕೆ ಮಾತ್ರ ಕೊಡುವುದಿಲ್ಲ, ಇದು ಪಂಕ್ತಿಭೇದ ಎಂದು. ಗ್ಯಾಟ್‌ನ ಮೊಟ್ಟಮೊದಲ ತಕರಾರುಗಳ ಸಾಲಿನಲ್ಲಿ ಬರುವ ಪ್ರಕರಣ. ಇದಾಗಿ ಮೂರು ವಾರಕ್ಕೆ, ಸೆಪ್ಟೆಂಬರ್ 13ರಂದು, ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿತು. ಅಂದರೆ ಭಾರತ ಅಂತಾರಾಷ್ಟ್ರೀಯ ಸುಂಕದ ನ್ಯಾಯದಲ್ಲಿ ಪ್ರತಿವಾದಿಯಾಗಿ ನಿಂತ ದಿನ ಬೀದರ್ ಇನ್ನೂ ಆ ಭಾರತದ ಸುಂಕದ ಗಡಿಯ ಹೊರಗಿತ್ತು.

ಪೊಲೀಸ್ ಆಕ್ಷನ್ ಎಂದು ಕರೆಯುವ ಆ ಕಾರ್ಯಾಚರಣೆಯ ಮರುದಿನವೇ ಕರೋಡಗಿರಿ ಮಾಯವಾಗಲಿಲ್ಲ. ಸಂವಿಧಾನದ 306ನೇ ವಿಧಿ ಹೈದರಾಬಾದಿನಂಥ ‘ಬಿ’ ಭಾಗದ ರಾಜ್ಯಗಳಿಗೆ, ಕೇಂದ್ರದೊಂದಿಗೆ ಒಪ್ಪಂದ ಮಾಡಿಕೊಂಡು, ಗರಿಷ್ಠ 10 ವರ್ಷ ಒಳನಾಡಿನ ಸುಂಕ ಮುಂದುವರಿಸಲು ಅವಕಾಶ ಕೊಟ್ಟಿತ್ತು. ಆದಾಯ ಒಮ್ಮೆಲೇ ನಿಂತರೆ ರಾಜ್ಯ ನಡೆಯುವುದು ಹೇಗೆ ಎಂಬ ಚಿಂತೆ. 1956ರ ಏಳನೇ ತಿದ್ದುಪಡಿಯಲ್ಲಿ ಆ ವಿಧಿಯೇ ಹೋಯಿತು. ಅದೇ ನವೆಂಬರ್ 1ಕ್ಕೆ ಬೀದರ್ ಮೈಸೂರು ರಾಜ್ಯ ಸೇರಿತು. ಸುಂಕದ ಗಡಿ ಅಲ್ಲಿಂದ ಶಾಶ್ವತವಾಗಿ ಸಮುದ್ರದಂಡೆಗೆ ಸರಿಯಿತು.

ಇಲ್ಲಿಂದ ಮುಂದಿನ ಕಥೆ ನ್ಯಾಯಾಲಯಗಳದ್ದು. 1878ರ ಸಮುದ್ರ ಸುಂಕ ಕಾಯ್ದೆಯ ಜಾಗಕ್ಕೆ 1962ರ ಕಸ್ಟಮ್ಸ್ ಕಾಯ್ದೆ ಬಂತು. ಅದರ 15ನೇ ಕಲಂ ನೋಡಲು ಸಪ್ಪೆ: ಬಳಕೆಗೆಂದು ತರಿಸಿದ ಸರಕಿಗೆ ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಯಾವ ದರ ಜಾರಿಯಲ್ಲಿತ್ತೋ ಅದೇ ದರ, ಹಡಗು ಬರುವ ಮುಂಚೆಯೇ ಸಲ್ಲಿಸಿದ್ದರೆ ಹಡಗಿಗೆ ಒಳಬರುವ ಅನುಮತಿ ಸಿಕ್ಕ ದಿನದ ದರ. ಇಷ್ಟೇ. ಆದರೆ ಕೋಟಿಗಟ್ಟಲೆ ರೂಪಾಯಿ ಈ ‘ದಿನ’ ಎಂಬ ಒಂದು ಪದದ ಮೇಲೆ ತೂಗಿದೆ. 1981ರಲ್ಲಿ ಮುಂಬೈಗೆ ಬಂದ ಹಡಗೊಂದಕ್ಕೆ ನಿಲ್ಲಲು ಜಾಗ ಸಿಗದೆ ಕರಾಚಿಗೆ ಹೋಗಿ ಮತ್ತೆ ಮುಂಬೈಗೆ ಬರಬೇಕಾಯಿತು. ಅಷ್ಟರಲ್ಲಿ ಸುಂಕ ಹಲವು ಪಟ್ಟು ಏರಿತ್ತು. ಮೊದಲ ಸಲ ಬಂದ ದಿನವೇ ಬಂದ ಹಾಗೆ ಅಲ್ಲವೇ ಎಂದು ಆಮದುದಾರರು ವಾದಿಸಿದರು. ಭಾರತ್ ಸರ್ಫ್ಯಾಕ್ಟಂಟ್ಸ್ ಪ್ರಕರಣವೆಂದು ಹೆಸರಾದ ಇದರಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ಬಂದರಿನ ಬಾಗಿಲು ತಟ್ಟಿದ್ದು ಲೆಕ್ಕಕ್ಕಿಲ್ಲ, ಒಳಗೆ ಕರೆದದ್ದು ಲೆಕ್ಕ.

ಈ ‘ದಿನ’ದ ಜಗಳ ತುದಿ ಮುಟ್ಟಿದ್ದು 2020ರಲ್ಲಿ. ಪುಲ್ವಾಮಾ ದಾಳಿಯ ಬೆನ್ನಿಗೆ, 2019ರ ಫೆಬ್ರುವರಿ 16ರಂದು, ಪಾಕಿಸ್ತಾನದಿಂದ ಬರುವ ಎಲ್ಲ ಸರಕಿಗೂ ಕೇಂದ್ರ ಸರ್ಕಾರ 200% ಸುಂಕ ಹಾಕಿತು. ಗಡಿಯ ಅಟ್ಟಾರಿಯಲ್ಲಿ ಅದೇ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಲ್ ಸಲ್ಲಿಸಿದ್ದವರ ಮೇಲೂ ಹೊಸ ದರ ಹೇರಲು ಅಧಿಕಾರಿಗಳು ಹೊರಟರು. ದಿನ ಎಂದರೆ ಪೂರ್ತಿ ದಿನ ಎಂಬುದು ಅವರ ವಾದ. ಅಧಿಸೂಚನೆ ಇ-ಗೆಜೆಟ್‌ಗೆ ಏರಿದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಜಿ.ಎಸ್. ಚಠಾ ರೈಸ್ ಮಿಲ್ಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ, ಆ ಸೆಕೆಂಡಿನವರೆಗೆ ಹಳೆಯ ದರ, ಅಲ್ಲಿಂದ ಮುಂದೆ ಹೊಸದು ಎಂದು ತೀರ್ಪಿತ್ತಿತು. ಹಡಗಿನ ಕಾಲದ ‘ದಿನ’ ಕಂಪ್ಯೂಟರ್ ಕಾಲದಲ್ಲಿ ಸೆಕೆಂಡಿಗೆ ಇಳಿಯಿತು. ವ್ಯಾಪಾರಿಗೆ ಸೆಕೆಂಡಿನ ರಕ್ಷಣೆ ಸಿಕ್ಕಿತು. ಬಿತ್ತಿದ ಮೇಲೆ ಸುಂಕ ಬದಲಾದ ರೈತನಿಗೆ ಇಂಥ ಯಾವ ಕಲಮೂ ಇಲ್ಲ ಎಂಬುದು ಪಕ್ಕದ ಮಾತು.

ಬೀದರಿನ ಬೆಳೆಗಳು ನೇರವಾಗಿ ಈ ಕಣಕ್ಕೆ ಬಂದದ್ದು 2001ರ ಆಚೆಗೆ. ಅದಕ್ಕೂ ಮುಂಚೆ ಭಾರತದ ಬೇಲಿ ಸುಂಕದ್ದಲ್ಲ, ಪರಿಮಾಣದ್ದು: ಇಂಥ ಸರಕು ಇಷ್ಟೇ ಬರಬೇಕು, ಪರವಾನಗಿ ಇದ್ದವರಿಗೇ ಬರಬೇಕು. ವಿದೇಶಿ ವಿನಿಮಯದ ಕೊರತೆಯ ಕಾರಣ ಕೊಟ್ಟು ದಶಕಗಳ ಕಾಲ ಇದನ್ನು ಉಳಿಸಿಕೊಂಡಿದ್ದೆವು. 1997ರಲ್ಲಿ ಅಮೆರಿಕ ಇದನ್ನು ವಿಶ್ವ ವ್ಯಾಪಾರ ಸಂಸ್ಥೆಗೆ ಎಳೆಯಿತು. ನಿಮ್ಮ ಖಜಾನೆಯಲ್ಲಿ ಈಗ ಡಾಲರ್ ಸಾಕಷ್ಟಿದೆ, ಕೊರತೆಯ ನೆಪ ಸಾಕು ಎಂಬುದು ಅದರ ವಾದ. 1999ರಲ್ಲಿ ಭಾರತ ಸೋತಿತು. 2000ದ ಏಪ್ರಿಲ್‌ನಲ್ಲಿ 714, 2001ರ ಏಪ್ರಿಲ್ 1ರಂದು 715 ಸರಕುಗಳ ಮೇಲಿನ ನಿರ್ಬಂಧ ತೆಗೆದದ್ದು ಈ ಸೋಲಿನ ಫಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದಲ್ಲಿ ಕರ್ನಾಟಕದ ರೈತರು ಗ್ಯಾಟ್‌ನ ಡಂಕೆಲ್ ಪ್ರಸ್ತಾವದ ವಿರುದ್ಧ ಬೀದಿಗಿಳಿದಾಗ ಅದೆಲ್ಲ ಅತಿಯಾಯಿತು ಎಂದವರು ಆ ಪಟ್ಟಿಯನ್ನು ಒಮ್ಮೆ ತಿರುವಿ ನೋಡಬೇಕಿತ್ತು.

ಬೇಲಿ ಹೋದ ಮೇಲೆ ಉಳಿದದ್ದು ಸುಂಕದ ಗೋಡೆ. ಗೋಡೆಯ ಎತ್ತರವನ್ನೂ ಮೊದಲೇ ವಿಶ್ವ ವ್ಯಾಪಾರ ಸಂಸ್ಥೆಯ ನೆಲೆಯಾದ ಜಿನೀವಾದಲ್ಲಿ ಬರೆದುಕೊಟ್ಟಾಗಿತ್ತು. ಪ್ರತಿ ಸರಕಿಗೂ ‘ಇದಕ್ಕಿಂತ ಮೇಲೆ ಏರಿಸುವುದಿಲ್ಲ’ ಎಂಬ ಮಿತಿ ದರ ಉಂಟು. ತಾಳೆ ಎಣ್ಣೆಗೆ ಅದು 300%. ಸೋಯಾ ಎಣ್ಣೆಗೆ ಬರೇ 45%. ಔರಾದ್, ಭಾಲ್ಕಿಯ ಹೊಲಗಳಲ್ಲಿ ಕಳೆದ ಎರಡು-ಮೂರು ದಶಕಗಳಲ್ಲಿ ಉದ್ದು, ಹೆಸರುಗಳನ್ನು ಪಕ್ಕಕ್ಕೆ ಸರಿಸಿ ಸೋಯಾ ಹಬ್ಬಿದ್ದನ್ನು ಕಂಡವರಿಗೆ ಈ ಎರಡು ಅಂಕಿಗಳ ನಡುವಿನ ಅಂತರ ಏನೆಂದು ಬಿಡಿಸಿ ಹೇಳಬೇಕಿಲ್ಲ. 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ಖಾದ್ಯ ತೈಲಗಳ ಒಟ್ಟು ಸುಂಕ 5.5%ರಿಂದ 27.5%ಕ್ಕೆ ಏರಿತು. ಸೋಯಾ ಕಟಾವಿಗೆ ಸರಿಯಾಗಿ ಬಂದ ಏರಿಕೆ. ಆದರೂ ಆ ಹಂಗಾಮಿನಲ್ಲಿ ಅನೇಕ ಮಾರುಕಟ್ಟೆಗಳಲ್ಲಿ ದರ 4,892 ರೂಪಾಯಿಯ ಬೆಂಬಲ ಬೆಲೆಯ ಕೆಳಗೇ ಓಡಾಡಿತು. ಮರು ವರ್ಷ ಮೇ 30ಕ್ಕೆ ಸುಂಕ ಮತ್ತೆ 16.5%ಕ್ಕೆ ಇಳಿಯಿತು. ಮುಂಗಾರು ಬಿತ್ತನೆಗೆ ಬೀಜ ಕೊಳ್ಳುವ ವಾರ ಅದು.

ಈಗ ಕಾಳಿನ ಕಥೆಗೆ ಬರೋಣ. ಇದು ನಮ್ಮದೇ ಕಥೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2006ರ ಜೂನ್‌ನಿಂದ ಹನ್ನೊಂದು ವರ್ಷದ ಹತ್ತಿರ ಬೇಳೆಕಾಳುಗಳಿಗೆ ಆಮದು ಸುಂಕವೇ ಇರಲಿಲ್ಲ. 2015ರಲ್ಲಿ ಬರ ಬಿದ್ದು ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. 2016ರಲ್ಲಿ ಕೇಂದ್ರ ಸರ್ಕಾರ ಮೊಜಾಂಬಿಕ್‌ನೊಂದಿಗೆ ತೊಗರಿ ತರಿಸುವ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಮಳೆ ಚೆನ್ನಾಗಿ ಬಂತು; ಹಿಂದಿನ ವರ್ಷದ ದರ ಕಂಡಿದ್ದ ರೈತರು ಎಲ್ಲೆಂದರಲ್ಲಿ ತೊಗರಿ ಬಿತ್ತಿದರು. ರಾಶಿ ಗಂಜ್‌ಗೆ ಬರುವ ಹೊತ್ತಿಗೆ ದರ 5,050ರ ಬೆಂಬಲ ಬೆಲೆಗಿಂತ ಕೆಳಗೆ ಕುಸಿದಿತ್ತು. ಸರ್ಕಾರ ತೊಗರಿಗೆ 10% ಸುಂಕ ಹಾಕಿದ್ದು 2017ರ ಮಾರ್ಚ್ ಕೊನೆಗೆ. ಅಷ್ಟರಲ್ಲಿ ನಮ್ಮ ಕಡೆ ತೊಗರಿಯ ಕಟ್ಟಿಗೆ ಕೂಡ ಒಲೆ ಸೇರಿತ್ತು.

ಆ 10%ಕ್ಕೂ ಒಂದು ತೂತಿತ್ತು. ತೊಗರಿ ಬರುವುದೇ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿಗಳಿಂದ. ಅತಿ ಹಿಂದುಳಿದ ದೇಶಗಳ ಸರಕಿಗೆ ಸುಂಕ ವಿನಾಯಿತಿ ಕೊಡುವ ಯೋಜನೆಯನ್ನು ಭಾರತವೇ 2008ರಲ್ಲಿ ಘೋಷಿಸಿತ್ತು. ಮುಂಬಾಗಿಲಿಗೆ ಚಿಲಕ, ಹಿತ್ತಿಲ ಬಾಗಿಲು ಹಾರುಹೊಡೆದಿದೆ. ಹಾಗಾಗಿ 2017ರ ಆಗಸ್ಟ್‌ನಲ್ಲಿ ಸರ್ಕಾರ ಹಳೆಯ ಬೇಲಿಯನ್ನೇ ಮತ್ತೆ ಎಬ್ಬಿಸಿತು: ತೊಗರಿ ವರ್ಷಕ್ಕೆ 2 ಲಕ್ಷ ಟನ್, ಉದ್ದು-ಹೆಸರು ಸೇರಿ 3 ಲಕ್ಷ ಟನ್, ಅದಕ್ಕಿಂತ ಹೆಚ್ಚು ಬರಕೂಡದು. ನವೆಂಬರ್‌ನಲ್ಲಿ ಬಟಾಣಿಗೆ 50% ಸುಂಕ, ಡಿಸೆಂಬರ್‌ನಲ್ಲಿ ಕಡಲೆಗೆ 30%, ಮರು ಮಾರ್ಚ್‌ಗೆ ಅದೇ ಕಡಲೆಗೆ 60%. ಬೇಲಿ ಬಿದ್ದ ಮೇಲೆ ಆಚೆ ದಡದ ಮೊಜಾಂಬಿಕ್‌ನ ಸಣ್ಣ ರೈತರ ತೊಗರಿಯೂ ಕೇಳುವವರಿಲ್ಲದೆ ಕುಸಿಯಿತು. ಅವರ ಹೊಲಗಳೂ ನಮ್ಮ ಔರಾದಿನ ಹೊಲಗಳಂತೆ ಎರಡೆಕರೆ, ಮೂರೆಕರೆಯವೇ. ಅವರ ಪರ ವಾದಿಸಲು ಯಾವ ನ್ಯಾಯಾಲಯದಲ್ಲೂ ಯಾರೂ ನಿಲ್ಲಲಿಲ್ಲ.

ಆಮದುದಾರರು ಸುಮ್ಮನಿರಲಿಲ್ಲ. ಮದ್ರಾಸ್ ಹೈಕೋರ್ಟ್‌ಗೆ, ರಾಜಸ್ಥಾನ ಹೈಕೋರ್ಟ್‌ಗೆ ಅರ್ಜಿಗಳು ಬಿದ್ದವು. ಮಧ್ಯಂತರ ಆದೇಶ ಹಿಡಿದು, ಮಿತಿ ಮೀರಿ ಸರಕು ತರಿಸಿದರು. ವಾದ ಬಲವಾಗಿಯೇ ಇತ್ತು. 1992ರ ವಿದೇಶಿ ವ್ಯಾಪಾರ ಕಾಯ್ದೆಯ 9ಎ ಕಲಂ ಪ್ರಕಾರ, ಆಮದಿನಿಂದ ದೇಶೀ ಉತ್ಪಾದಕರಿಗೆ ಪೆಟ್ಟು ಬಿದ್ದಿದೆ ಎಂದು ವಿಚಾರಣೆ ನಡೆಸಿ ರುಜುವಾತಾದ ಮೇಲಷ್ಟೇ ಪರಿಮಾಣದ ನಿರ್ಬಂಧ ಹಾಕಬೇಕು. ಗ್ಯಾಟ್ ಒಪ್ಪಂದವೂ ಅದನ್ನೇ ಹೇಳುತ್ತದೆ. ವಿಚಾರಣೆ ಇಲ್ಲದೆ ಒಂದು ಅಧಿಸೂಚನೆಯಲ್ಲಿ ಬಾಗಿಲು ಹಾಕಲು ಬರುವುದಿಲ್ಲ. 2020ರ ಆಗಸ್ಟ್ 26ರಂದು ಅಗ್ರಿಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು. 3ನೇ ಕಲಂ ಸರ್ಕಾರಕ್ಕೆ ಕೊಟ್ಟ ಅಧಿಕಾರ ಬೇರೆ, 9ಎ ಬೇರೆ. ಮೊದಲನೆಯದನ್ನು ಎರಡನೆಯದು ನುಂಗುವುದಿಲ್ಲ ಎಂದಿತು.

ಬಂದರುಗಳಲ್ಲಿ ಬಂದು ಕೂತಿದ್ದ ಸರಕಿನ ಗತಿ? ಅದು ಮುಂದಿನ ಮೊಕದ್ದಮೆ, ರಾಜ್ ಗ್ರೋ ಇಂಪೆಕ್ಸ್. ದಂಡ ಕಟ್ಟಿಸಿಕೊಂಡು ಸರಕು ಬಿಡಬಹುದು ಎಂದು ಕೆಳ ಹಂತದಲ್ಲಿ ತೀರ್ಮಾನವಾಗಿತ್ತು. 2021ರ ಜೂನ್ 17ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮಿತಿ ಮೀರಿ ತಂದದ್ದು ನಿಷೇಧಿತ ಸರಕೇ, ಪೂರ್ತಿ ಮುಟ್ಟುಗೋಲು ಆಗಬೇಕು. ಬೇಕಿದ್ದರೆ ದಂಡ ಕಟ್ಟಿ ಹೊರದೇಶಕ್ಕೆ ಮರಳಿ ಕಳಿಸಲಿ. ದೇಶದ ಮಾರುಕಟ್ಟೆಗೆ ಬಿಟ್ಟರೆ ಯಾವ ರೈತರನ್ನು ಕಾಯಲು ನಿರ್ಬಂಧ ಹಾಕಿತ್ತೋ ಅವರಿಗೇ ಪೆಟ್ಟು ಎಂಬುದು ತರ್ಕ. ಕಸ್ಟಮ್ಸ್ ಮೊಕದ್ದಮೆಗಳಲ್ಲಿ ಸಾಮಾನ್ಯವಾಗಿ ಇರುವುದು ಇಬ್ಬರೇ: ಖಜಾನೆ ಮತ್ತು ವ್ಯಾಪಾರಿ. ಇಲ್ಲಿ ಮೂರನೆಯವನೊಬ್ಬ ತೀರ್ಪಿನ ನಡುಮಧ್ಯಕ್ಕೆ ಬಂದ. ಕಟಕಟೆಗೆ ಅಲ್ಲ, ತರ್ಕದೊಳಕ್ಕೆ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ದೊಡ್ಡ ತಿರುವು ಇದೇ.

ತಿರುವಿಗೊಂದು ವ್ಯಂಗ್ಯವೂ ಅಂಟಿಕೊಂಡಿದೆ. ತೀರ್ಪು ಬರುವ ತಿಂಗಳೊಪ್ಪತ್ತು ಮುಂಚೆ, ಮೇ 15ರಂದು, ಸರ್ಕಾರವೇ ತೊಗರಿ, ಉದ್ದು, ಹೆಸರನ್ನು ನಿರ್ಬಂಧಿತ ಪಟ್ಟಿಯಿಂದ ತೆಗೆದು ಮುಕ್ತ ಪಟ್ಟಿಗೆ ಹಾಕಿತ್ತು. ರೈತನ ಹಿತಕ್ಕಾಗಿ ಸರ್ಕಾರ ಹೋರಾಡಿ ಗೆದ್ದ ಬಾಗಿಲನ್ನು ಸರ್ಕಾರವೇ ಆಗಲೇ ತೆರೆದಾಗಿತ್ತು. 2023ರ ಮಾರ್ಚ್‌ನಲ್ಲಿ ತೊಗರಿಯ 10% ಸುಂಕವೂ ಹೋಯಿತು. ಅಗ್ರಿಕಾಸ್ ತೀರ್ಪು ಸರ್ಕಾರದ ಅಧಿಕಾರವನ್ನು ಗಟ್ಟಿ ಮಾಡಿತೇ ಹೊರತು, ಆ ಅಧಿಕಾರವನ್ನು ಯಾವಾಗ, ಯಾರಿಗಾಗಿ ಬಳಸಬೇಕು ಎಂದು ಹೇಳಲಿಲ್ಲ.

ಜಿನೀವಾದ ಕಾಗದಗಳಲ್ಲಿ ನಮ್ಮ ಕಾಳು ಬೇರೆಯೇ ವೇಷದಲ್ಲಿ ಕಾಣಿಸಿಕೊಂಡಿತು. 2019ರ ಫೆಬ್ರುವರಿಯಲ್ಲಿ ಅಮೆರಿಕ ಮತ್ತು ಕೆನಡಾ ಸೇರಿ, ಕಡಲೆ, ತೊಗರಿ, ಉದ್ದು, ಹೆಸರು, ಮಸೂರಗಳಿಗೆ ಭಾರತ ಕೊಡುವ ಬೆಂಬಲ ಬೆಲೆ ಒಪ್ಪಿದ ಮಿತಿಯನ್ನು ಎಷ್ಟೋ ಪಟ್ಟು ಮೀರಿದೆ ಎಂದು ಪ್ರತಿ-ಮಾಹಿತಿ ಸಲ್ಲಿಸಿದವು. ಬೆಂಬಲ ಬೆಲೆಯ ಕೇಂದ್ರದ ಮುಂದೆ ಸರದಿ ನಿಂತು, ಹಸಿ ಹೆಚ್ಚಿದೆ ಎಂದು ಚೀಲ ವಾಪಸು ತಂದವರಿಗೆ ಈ ಮಾತು ಓದಿ ಹೇಳಿದರೆ ನಕ್ಕಾರು. ಆದರೆ ಲೆಕ್ಕ ಹಾಕುವ ರೀತಿಯೇ ಹಾಗೆ: ಇಂದಿನ ಬೆಂಬಲ ಬೆಲೆಯನ್ನು 1986-88ರ ಹೊರದೇಶದ ದರದೊಂದಿಗೆ ಹೋಲಿಸುತ್ತಾರೆ, ವ್ಯತ್ಯಾಸವನ್ನು, ಸರ್ಕಾರ ಕೊಂಡ ಕಾಳಿಗಷ್ಟೇ ಅಲ್ಲ, ಕೊಳ್ಳಬಹುದಾಗಿದ್ದ ಎಲ್ಲ ಕಾಳಿಗೂ ಗುಣಿಸಬೇಕೆಂಬುದು ಅವರ ಪಟ್ಟು.

ಕಬ್ಬಿನ ವಿಷಯದಲ್ಲಿ ಇದೇ ಲೆಕ್ಕ ಪೂರ್ಣ ಪ್ರಮಾಣದ ಮೊಕದ್ದಮೆಯಾಯಿತು. ಕಾರಂಜಾ ಜಲಾಶಯದ ನೀರು ಕಂಡ ಭಾಲ್ಕಿ ಸೀಮೆಗೆ ಇದು ದೂರದ ಮಾತಲ್ಲ. 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಮೂರೂ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತದ ಮೇಲೆ ದೂರು ಕೊಟ್ಟವು. ಕಬ್ಬಿಗೆ ಕೇಂದ್ರ ನಿಗದಿ ಮಾಡುವ ಎಫ್‌ಆರ್‌ಪಿ ದರವನ್ನು ಕಾರ್ಖಾನೆ ಕೊಡುತ್ತದೆ, ಸರ್ಕಾರ ಒಂದು ಪೈಸೆಯನ್ನೂ ಕೊಡುವುದಿಲ್ಲ, ಹೀಗಿರುವಾಗ ಅದು ಸರ್ಕಾರದ ಬೆಂಬಲ ಹೇಗಾದೀತು ಎಂದು ಭಾರತ ಕೇಳಿತು. ಕಾರ್ಖಾನೆಯ ಬಾಕಿಗಾಗಿ ಎತ್ತಿನಗಾಡಿ ಅಡ್ಡ ನಿಲ್ಲಿಸಿ ರಸ್ತೆ ತಡೆ ಮಾಡಿದವರೂ ಇದನ್ನೇ ಹೇಳಿಯಾರು. 2021ರ ಡಿಸೆಂಬರ್ 14ರ ವರದಿಯಲ್ಲಿ ಸಂಸ್ಥೆಯ ವಿಚಾರಣಾ ಪ್ಯಾನೆಲ್ ಒಪ್ಪಲಿಲ್ಲ. ದರ ಕಡ್ಡಾಯ ಮಾಡಿದ್ದು ಸರ್ಕಾರ, ಆದ್ದರಿಂದ ಅದು ಬೆಂಬಲವೇ; 2014-15ರಿಂದ 2018-19ರವರೆಗಿನ ಐದೂ ಹಂಗಾಮುಗಳಲ್ಲಿ 10% ಮಿತಿ ಮೀರಿದೆ ಎಂದಿತು. ಅದೇ ಡಿಸೆಂಬರ್‌ನಲ್ಲೇ ಭಾರತ ಮೇಲ್ಮನವಿ ಸಲ್ಲಿಸಿತು. ಸ್ವಾರಸ್ಯ ಇಲ್ಲಿದೆ: ಮೇಲ್ಮನವಿ ಪೀಠದಲ್ಲಿ ಕೂರಲು ನ್ಯಾಯಾಧೀಶರೇ ಇಲ್ಲ. ನೇಮಕಾತಿಗೆ ಅಮೆರಿಕ ಅಡ್ಡಗಾಲು ಹಾಕಿದ್ದರಿಂದ 2019ರ ಡಿಸೆಂಬರ್‌ನಿಂದ ಅದು ಕೆಲಸ ನಿಲ್ಲಿಸಿದೆ. ಖಾಲಿ ಕುರ್ಚಿಗಳ ಮುಂದೆ ಮೇಲ್ಮನವಿ ಇಟ್ಟರೆ ಸೋಲು ಜಾರಿಗೆ ಬರುವುದಿಲ್ಲ. ಮೊಬೈಲ್ ಫೋನ್‌ಗಳ ಆಮದು ಸುಂಕದ ಬಗ್ಗೆ ಯುರೋಪ್, ಜಪಾನ್ ಹೂಡಿದ್ದ ಪ್ರಕರಣಗಳಲ್ಲೂ 2023ರಲ್ಲಿ ಸೋತ ಭಾರತ ಇದೇ ಹಾದಿ ಹಿಡಿಯಿತು.

ಕೋರ್ಟಿಗಿಂತ ಕೈಕುಲುಕಿ ಮುಗಿಸುವುದೇ ಹೆಚ್ಚಾಯಿತು. ಉಕ್ಕು, ಅಲ್ಯೂಮಿನಿಯಂ ಮೇಲೆ ಅಮೆರಿಕ ಸುಂಕ ಹೇರಿದ್ದಕ್ಕೆ ಪ್ರತಿಯಾಗಿ 2019ರ ಜೂನ್‌ನಲ್ಲಿ ಭಾರತ ಅಲ್ಲಿನ ಸೇಬು, ಬಾದಾಮಿ, ಕಡಲೆ, ಮಸೂರಗಳಿಗೆ ಹೆಚ್ಚುವರಿ ಸುಂಕ ಹಾಕಿತು. ಅಮೆರಿಕ ದೂರು ಕೊಟ್ಟಿತು. 2023ರ ಜೂನ್‌ನಲ್ಲಿ ಪ್ರಧಾನಿಯ ವಾಷಿಂಗ್ಟನ್ ಭೇಟಿಯ ಹೊತ್ತಿಗೆ ಎರಡೂ ಕಡೆಯ ದೂರುಗಳು ರಾಜಿಯಲ್ಲಿ ಮುಗಿದವು. ನಮ್ಮ ಹಿಂಗಾರಿನ ಕಡಲೆ ಉಕ್ಕಿಗೆ ಬದಲಾಗಿ ತಕ್ಕಡಿಯಲ್ಲಿ ಕೂತದ್ದು ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಬೀದರ್ ಎಂದ ಮೇಲೆ ಬಿದರಿಯ ಮಾತು ಬಾರದೆ ಇರದು. ಕೋಟೆಯ ಹಳೆಯ ಮಣ್ಣಿನಲ್ಲಿ ಕಪ್ಪು ತಾಳುವ ಸತು-ತಾಮ್ರದ ಪಾತ್ರೆ, ಅದರೊಳಗೆ ಬೆಳ್ಳಿಯ ಎಳೆ. ಈ ಕಲೆಗಾರ ಸುಂಕದ ಎರಡೂ ಬಾಯಿಗೆ ಸಿಕ್ಕವನು. ಬೆಳ್ಳಿ ಹೊರಗಿನಿಂದ ಬರಬೇಕು. 2024ರ ಜುಲೈ ಬಜೆಟ್‌ನಲ್ಲಿ ಅದರ ಆಮದು ಸುಂಕ 15%ರಿಂದ 6%ಕ್ಕೆ ಇಳಿದರೂ ಮುಂದಿನ ವರ್ಷದ ಬೆಲೆ ಏರಿಕೆ ಆ ಲಾಭವನ್ನು ನುಂಗಿತು. ಮಾಲು ಹೊರಗೆ ಹೋಗಬೇಕು. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಬಹುತೇಕ ಸರಕುಗಳ ಮೇಲೆ ಒಟ್ಟು 50% ಸುಂಕ ಹಾಕಿತು. ಅಧ್ಯಕ್ಷ ಟ್ರಂಪ್ ಇಂಥ ಸುಂಕಗಳಿಗೆ ಆಧಾರ ಮಾಡಿಕೊಂಡಿದ್ದು ತುರ್ತುಸ್ಥಿತಿಯ ಒಂದು ಹಳೆಯ ಕಾಯ್ದೆ. ಅಲ್ಲಿನ ವೈನ್ ತರಿಸುವ ಒಂದು ಸಣ್ಣ ಕಂಪನಿ, ಆಟಿಕೆ ಮಾರುವ ಇನ್ನೊಂದು, ಹೀಗೆ ಪುಟ್ಟ ವ್ಯಾಪಾರಿಗಳೇ ಅಧ್ಯಕ್ಷರನ್ನು ಕೋರ್ಟಿಗೆಳೆದರು. ಆ ಕಾಯ್ದೆಯಲ್ಲಿ ಸುಂಕ ಹಾಕುವ ಇಂಥ ಅಧಿಕಾರ ಇಲ್ಲ ಎಂದು ಅದೇ ವರ್ಷದ ಮೇ 28ರಂದು ವ್ಯಾಪಾರ ನ್ಯಾಯಾಲಯವೂ ಆಗಸ್ಟ್ 29ರಂದು ಮೇಲ್ಮನವಿ ನ್ಯಾಯಾಲಯವೂ ಹೇಳಿದವು, ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಸುಂಕ ಹಾಕುವ ಹಕ್ಕು ಯಾರದು ಎಂಬ ಪ್ರಶ್ನೆ ಅಗ್ರಿಕಾಸ್‌ನಲ್ಲಿ ಕೇಳಿದ್ದಕ್ಕಿಂತ ಬಹಳ ದೂರದ್ದೇನಲ್ಲ. ಆದರೆ ಅಮೆರಿಕದಲ್ಲಿ ಕೇಳಿದವರು ಸುಂಕ ಕಟ್ಟುವವರು. ಬೀದರಿನ ಚೌಬಾರಾದ ಸುತ್ತಲಿನ ಓಣಿಗಳಲ್ಲಿ ಉಳಿ ಹಿಡಿದು ಕೂತವನು ಸುಂಕ ಕಟ್ಟುವವನಲ್ಲ, ಅದರ ಏಟು ತಿನ್ನುವವನು. ಅವನಿಗೆ ಅಲ್ಲಿ ಅರ್ಜಿ ಹಾಕುವ ದಾರಿಯೇ ಇಲ್ಲ.

ಆ ದಾರಿ ಹುಡುಕುವ ಯತ್ನವೊಂದು ಈಚೆಗೆ ನಮ್ಮಲ್ಲೇ ನಡೆಯಿತು. 2023ರ ಡಿಸೆಂಬರ್ 8ರಿಂದ ಹಳದಿ ಬಟಾಣಿಗೆ ಸುಂಕ ಮನ್ನಾ ಆಗಿತ್ತು. ಗಡುವು ಮುಗಿಯುವ ಹೊತ್ತಿಗೆ ಮತ್ತೆ ವಿಸ್ತರಣೆ, ಅದು ಮುಗಿಯುವ ಮುಂಚೆ ಇನ್ನೊಂದು. ಕೆನಡಾ, ರಷ್ಯಾಗಳಿಂದ ಹಡಗುಗಳು ಬರುತ್ತಲೇ ಇದ್ದವು. ಹಳದಿ ಬಟಾಣಿ ಕಡಲೆಯ ಅಗ್ಗದ ಜೋಡಿ. ಮಿರ್ಚಿ ಭಜಿಯ ಹಿಟ್ಟಿನಲ್ಲಿ ಯಾವುದು ಎಷ್ಟಿದೆ ಎಂದು ತಿನ್ನುವವನಿಗೆ ತಿಳಿಯುವುದಿಲ್ಲ, ಕಡಲೆಯ ದರಕ್ಕೆ ಮಾತ್ರ ತಿಳಿಯುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಕಿಸಾನ್ ಮಹಾಪಂಚಾಯತ್ ಎಂಬ ರೈತ ಸಂಘಟನೆ ಈ ಆಮದಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಕೇಂದ್ರಕ್ಕೆ ನೋಟಿಸ್ ಹೊರಟಿತು. ಆಮದುದಾರ ಅರ್ಜಿದಾರ, ರೈತ ತೀರ್ಪಿನೊಳಗಿನ ಒಂದು ವಾಕ್ಯ ಎಂಬ ಹಳೆಯ ಏರ್ಪಾಟು ಇಲ್ಲಿ ತಲೆಕೆಳಗಾಯಿತು. ಅಕ್ಟೋಬರ್ ಕೊ‌ನೆಯಲ್ಲಿ ಸರ್ಕಾರವೇ ನವೆಂಬರ್ 1ರಿಂದ 30% ಸುಂಕ ಎಂದು ಪ್ರಕಟಿಸಿತು.

ನವೆಂಬರ್ 1 ನಮ್ಮ ಕಡೆ ಕಡಲೆ ಬಿತ್ತನೆಯ ಹೊತ್ತು. ಆಗಲೇ ದೇಶದೊಳಗೆ ಬಂದ ಬಟಾಣಿ ಗೋದಾಮುಗಳಲ್ಲಿತ್ತು, ಆ ಕಡಲೆ ಗಂಜ್‌ಗೆ ಬರಬೇಕಾದದ್ದು ಫೆಬ್ರುವರಿ-ಮಾರ್ಚ್‌ಗೆ. ತೊಗರಿಯ ಸುಂಕರಹಿತ ಆಮದಿನ ಗಡುವೂ ಮೊದಲು 2025ರ ಮಾರ್ಚ್ 31 ಇದ್ದದ್ದು ಆಮೇಲೆ 2026ರ ಮಾರ್ಚ್ 31 ಆಯಿತು. ಆ ವಿಸ್ತರಣೆಯ ಸುದ್ದಿ ಬಂದದ್ದು 2025ರ ಜನವರಿಯಲ್ಲಿ. ಔರಾದಿನ ಕಣಗಳಲ್ಲಿ ಆಗ ತೊಗರಿ ಬಡಿಯುತ್ತಿದ್ದರು.